ಕೊನೆಗೆ ಈಜಿದ್ದು ಯಾವಾಗ? ಚಿಂತಾಮಣಿಯಿಂದ ಕಾಳಿ ನದಿಗೆ ಹೋದ ಒಂದು ಕ್ಯಾರವಾನ್ ಪ್ರವಾಸದ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಈ ಪ್ರಕರಣದಲ್ಲಿ ಯಾರೂ ಸಾಯಲಿಲ್ಲ. ಒಬ್ಬರ ಪಾದ ಉಳುಕಿತು, ಮೊಣಕಾಲು ತರಚಿತು, ಒಂದಷ್ಟು ನೀರು ಹೊಟ್ಟೆಗೆ ಹೋಯಿತು. ನೀರಿನಲ್ಲಿ ಇದ್ದದ್ದು ಎರಡು ನಿಮಿಷಕ್ಕೂ ಕಡಿಮೆ. ಇಷ್ಟಕ್ಕೆ ಇಷ್ಟುದ್ದ ಯಾಕೆ ಬರೆಯಬೇಕು ಅಂತ ನಮ್ಮ ಮನೆಯಲ್ಲೇ ಕೇಳಿದರು.

ಕಾರಣ ಇದು. ಆ ದಿನ ರಾಫ್ಟಿನಿಂದ, ಅಂದರೆ ಗಾಳಿ ತುಂಬಿದ ರಬ್ಬರ್ ದೋಣಿಯಿಂದ, ನೀರಿಗೆ ಬಿದ್ದವರು ಇಬ್ಬರು. ಒಬ್ಬರಿಗೆ ಈಜು ಬರುತ್ತಿತ್ತು, ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಇಬ್ಬರೂ ಬಿದ್ದದ್ದು ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ. ಈಜು ಬಾರದವಳು ಅರ್ಧ ನಿಮಿಷದೊಳಗೆ ಮೇಲೆ ಬಂದಳು. ಪೆಟ್ಟು ಮಾಡಿಕೊಂಡದ್ದು ಈಜು ಬರುವವರು. ಹೀಗೆ ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ಪದೇಪದೇ ಸಿಗುವುದಿಲ್ಲ. ಸಿಗದೇ ಇರಲಿ ಅಂತಲೇ ನನ್ನ ಆಸೆ.

ನಾವು ಯಾರು, ಎಲ್ಲಿಯವರು

ನಾವು ಚಿಂತಾಮಣಿಯವರು. ಎಂಟು ಜನ. ನಾನು, ನನ್ನ ಹೆಂಡತಿ, ನಮ್ಮಕ್ಕ, ಭಾವ, ಅವರ ಮಗ (ಇಂಜಿನಿಯರಿಂಗ್ ಓದುತ್ತಾನೆ, ನನಗೆ ಅಳಿಯ), ಪಕ್ಕದ ಬೀದಿಯ ವಿಜ್ಞಾನದ ಮೇಷ್ಟ್ರು, ಅವರ ಮನೆಯವರು, ಹನ್ನೊಂದು ವರ್ಷದ ಮಗಳು ಪುಟ್ಟಿ. ಭಾವನಿಗೆ ಆಗ ಐವತ್ತೊಂದು. ಕೋಲಾರದ ಟೊಮ್ಯಾಟೊ ಮಾರ್ಕೆಟ್ಟಿನಲ್ಲಿ ಮಂಡಿ ಇದೆ. ಬೆಳಗಿನ ಹರಾಜು ನಡೆಯುವಾಗ ಅವರಿಗೆ ಹದಿನೈದು ಕೆಜಿ ಬಾಕ್ಸಿನ ರೇಟು ಬಿಟ್ಟು ಬೇರೆ ಪ್ರಪಂಚ ಇಲ್ಲ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿರಲಿ.

ನಮ್ಮ ಸೀಮೆ ಒಂದು ವಿಚಿತ್ರ. ನಕ್ಷೆ ನೋಡಿದರೆ ನಂದಿ ಬೆಟ್ಟದ ಸುತ್ತಮುತ್ತ ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ ಎಲ್ಲ ಹುಟ್ಟುತ್ತವೆ. ನದಿಗಳ ತವರು ಅನ್ನಬೇಕು. ಆದರೆ ವರ್ಷಪೂರ್ತಿ ಹರಿಯುವುದು ಒಂದೂ ಇಲ್ಲ. ನಮಗೆ ಗೊತ್ತಿರುವ ನೀರು ಅಂದರೆ ನಿಂತ ನೀರು: ಕೆರೆ, ಕುಂಟೆ, ಕಲ್ಯಾಣಿ, ಬಾವಿ. ಕೆರೆ ಕೋಡಿ ಬಿದ್ದರೆ ಊರೇ ಹೋಗಿ ಆರತಿ ಎತ್ತುತ್ತದೆ. 2021ರ ನವೆಂಬರಿನಲ್ಲಿ ಮಳೆ ಸುರಿದು ಕೆರೆಗಳು ತುಂಬಿ ಹರಿದಾಗ, ಹರಿಯುವ ನೀರು ನೋಡುವುದಕ್ಕೆ ಜನ ಬೈಕಿನಲ್ಲಿ ಹೊರಟಿದ್ದರು. ಅಂಥ ಊರಿನವರು ನಾವು.

ಹಾಗಾಗಿ ನಮ್ಮಲ್ಲಿ 'ಈಜು ಬರುತ್ತೆ' ಅಂದರೆ ಬಾವಿ ಈಜು. ಸೊಂಟಕ್ಕೆ ಬೆಂಡು ಇಲ್ಲವೇ ಟ್ಯೂಬು ಕಟ್ಟಿ ಅಪ್ಪನೋ ದೊಡ್ಡಪ್ಪನೋ ತಳ್ಳುವುದು. ನಾಲ್ಕು ದಿನ ನೀರು ಕುಡಿದು ಐದನೇ ದಿನ ತೇಲುವುದು. ಆಮೇಲೆ ದಡದಿಂದ ಧುಮುಕುವುದು, ತಳದಿಂದ ಮಣ್ಣು ತಂದು ತೋರಿಸುವುದು. ಭಾವ ಇದರಲ್ಲಿ ಊರಿಗೆ ಹೆಸರುವಾಸಿ. ಅವರು ತಳದಿಂದ ತಂದ ಹಿತ್ತಾಳೆ ಬಿಂದಿಗೆಯ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.

ಕ್ಯಾರವಾನ್ ಅನ್ನುವ ಓಡಾಡುವ ಮನೆ

ಕ್ಯಾರವಾನಿನ ಆಸೆ ಅಳಿಯನದು. ಟಿಟಿ (ಟೆಂಪೊ ಟ್ರಾವೆಲರ್) ಮಾಡಿಕೊಂಡು ಹೋಗೋಣ ಅಂದರೆ ಕೇಳಲಿಲ್ಲ. 'ಮಾವ, ಅದರಲ್ಲೇ ಅಡುಗೆ, ಅದರಲ್ಲೇ ಮಲಗೋದು, ರೂಮಿನ ಖರ್ಚೇ ಇಲ್ಲ' ಅಂದ. ರೂಮಿನ ಖರ್ಚು ಇಲ್ಲ ಅಂದದ್ದೇ ತಡ, ಭಾವ ಒಪ್ಪಿದರು. ಬೆಂಗಳೂರಿನಿಂದ ಬಾಡಿಗೆಗೆ ತರಿಸಿದೆವು. ಕೂರುವುದಕ್ಕೆ ಆರು ಸೀಟು, ಮಲಗುವುದಕ್ಕೆ ನಾಲ್ಕು ಜಾಗ, ಪುಟ್ಟ ಸಿಂಕು, ಒಂದು ಒಲೆ, ಟಾಯ್ಲೆಟ್. ಜಾಗ ಸಾಲದ್ದಕ್ಕೆ ಹಿಂದೆ ಭಾವನ ಕಾರು.

ನೂರು ಲೀಟರಿನ ನೀರಿನ ಟ್ಯಾಂಕು ಎಂಟು ಜನಕ್ಕೆ ಏನೂ ಅಲ್ಲ. ಅಕ್ಕ ಮೊದಲು ಕೇಳಿದ್ದೇ 'ಎಷ್ಟು ಕೊಡ ಆಗತ್ತೆ?' ಅಂತ. ಆರೇಳು ಕೊಡ ಅಂದೆ. ಆಮೇಲೆ ಆ ಟ್ಯಾಂಕು ಅಕ್ಕನ ಕೈಗೆ ಹೋಯಿತು, ವಾಪಸ್ ಬರುವವರೆಗೂ ಖಾಲಿಯಾಗಲಿಲ್ಲ. ಟ್ಯಾಂಕರ್ ನೀರಿನಲ್ಲಿ ಸಂಸಾರ ಮಾಡಿದವರಿಗೆ ಕ್ಯಾರವಾನಿನ ತರಬೇತಿ ಬೇಕಿಲ್ಲ.

ನಾವು ಎಡವಿದ್ದು ಬೇರೆ ಕಡೆ. ಮಲಗುವ ಜಾಗ ಇದೆ ಅಂದರೆ ಓಡುವಾಗಲೂ ಮಲಗಬಹುದು ಅಂದುಕೊಂಡಿದ್ದೆವು. ಡ್ರೈವರ್ ಬೇಡ ಅಂದ. ಬ್ರೇಕ್ ಹಾಕಿದರೆ ಮಲಗಿದವರನ್ನು ಹಿಡಿಯುವುದಕ್ಕೆ ಏನೂ ಇರುವುದಿಲ್ಲ, ಹಾಸಿಗೆ ಇರುವುದು ಗಾಡಿ ನಿಂತ ಮೇಲೆ ಅಂದ. ಸರಿಯಾದ ಮಾತು. ಆದರೆ ನಮ್ಮ ಇಡೀ ಲೆಕ್ಕ ನಿಂತಿದ್ದದ್ದು ರಾತ್ರಿ ಓಡುತ್ತಾ ಮಲಗುವುದರ ಮೇಲೆ. ಆ ಲೆಕ್ಕ ತಪ್ಪಿದ ಮೇಲೂ ನಾವು ಹೊರಡುವ ಸಮಯ ಬದಲಿಸಲಿಲ್ಲ.

ರಾತ್ರಿ

ಹೋದದ್ದು ಸಂಕ್ರಾಂತಿ ಮುಗಿದ ವಾರ. ಕಾಳಿ ನದಿಯನ್ನು ಆರಿಸಿಕೊಂಡದ್ದು ಅದಕ್ಕೇ. ಕೊಡಗಿನ ಬರಪೊಳೆಯಲ್ಲಿ ರಾಫ್ಟಿಂಗ್ ಮಳೆಗಾಲದ ಆಟ. ಕಾಳಿಯಲ್ಲಿ ಹಾಗಲ್ಲ. ಜೋಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ಇದೆ, 101 ಮೀಟರ್ ಎತ್ತರ. ಅದರ ಬುಡದಲ್ಲಿ 50 ಮೆಗಾವ್ಯಾಟಿನ ಎರಡು ಯಂತ್ರ. ಅವು ತಿರುಗಿದಾಗ ಕೆಳಗೆ ಬಿಡುವ ನೀರಿನಲ್ಲೇ ರಾಫ್ಟಿಂಗ್. ಮಳೆ ನಿಂತು ತಿಂಗಳುಗಳಾದರೂ ನೀರು ಇರುವುದು ಹೀಗೆ. ಇದರ ಇನ್ನೊಂದು ಮುಖ ಏನೆಂದರೆ, ನೀರು ಬರುವ ಹೊತ್ತು ನಮ್ಮ ಕೈಯಲ್ಲೂ ಇಲ್ಲ, ರಾಫ್ಟಿನವರ ಕೈಯಲ್ಲೂ ಇಲ್ಲ. ಕರೆಂಟು ಬೇಕಾದಾಗ ನೀರು. 'ಬೆಳಗ್ಗೆ ಒಂಬತ್ತಕ್ಕೆ ಇಲ್ಲಿರಿ, ತಡವಾದರೆ ನಾವು ಜವಾಬ್ದಾರರಲ್ಲ' ಅಂತ ಫೋನಿನಲ್ಲೇ ಹೇಳಿದ್ದರು.

ಕ್ಯಾರವಾನ್ ಸಂಜೆ ನಾಲ್ಕಕ್ಕೆ ಬರಬೇಕಿತ್ತು. ಬಂದದ್ದು ಎಂಟೂವರೆಗೆ. ಹೊರಟಾಗ ಒಂಬತ್ತೂಕಾಲು. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ದಾಬಸ್‌ಪೇಟೆ, ತುಮಕೂರು, ಅಲ್ಲಿಂದ ಹೆದ್ದಾರಿ ಹಿಡಿದು ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಧಾರವಾಡ. ಐನೂರು ಕಿಲೋಮೀಟರಿನ ಆಸುಪಾಸು. ಆ ಗಾಡಿ ಕಾರಿನಂತೆ ಓಡುವುದಿಲ್ಲ, ಓಡಿಸಲೂಬಾರದು. ಕಾರನ್ನು ಹಿರಿಯೂರಿನವರೆಗೆ ಅಳಿಯ ಓಡಿಸಿದ. ಮಗನ ಡ್ರೈವಿಂಗ್ ಮೇಲೆ ನಂಬಿಕೆ ಇಲ್ಲದ ಭಾವ ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡು ಕೂತಿದ್ದರು. ಹಿರಿಯೂರಿನಿಂದ ಧಾರವಾಡಕ್ಕೆ ಅವರೇ ಓಡಿಸಿದರು. ಅಂದರೆ ರಾತ್ರಿ ಪೂರ್ತಿ ನಿದ್ದೆ ಇಲ್ಲ. ಧಾರವಾಡದಲ್ಲಿ ತಿಂಡಿಗೆ ನಿಲ್ಲುವುದಕ್ಕೆ ಹೊತ್ತಿರಲಿಲ್ಲ. ಟೀ ಕುಡಿದು ಪೇಡ ಕಟ್ಟಿಸಿಕೊಂಡು ಹೊರಟೆವು. ಶುಗರ್ ಮಾತ್ರೆ ತಗೊಳ್ಳುವ ಮನುಷ್ಯ ಆ ಬೆಳಗ್ಗೆ ತಿಂಡಿ ಅಂತ ತಿಂದದ್ದು ಎರಡು ಪೇಡ. ಮಾತ್ರೆ ಕಾರಿನ ಡಿಕ್ಕಿಯಲ್ಲಿದ್ದ ಬ್ಯಾಗಿನಲ್ಲೇ ಉಳಿಯಿತು.

ಹಳಿಯಾಳದ ಮೇಲೆ ದಾಂಡೇಲಿ ಮುಟ್ಟಿದಾಗ ಒಂಬತ್ತಾಗಿತ್ತು. ನದಿ ಕಂಡ ಕೂಡಲೇ ಪುಟ್ಟಿ ಮುಖ ತೊಳೆಯಬೇಕು ಅಂದಳು. ಗಾಡಿ ನಿಲ್ಲಿಸಿ ಇಳಿಯುವಷ್ಟರಲ್ಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ಕೂಗಿದರು, 'ಇಳೀಬ್ಯಾಡ್ರಿ, ಮೊಸಳಿ ಅದಾವ!' ತಮಾಷೆ ಅಂದುಕೊಂಡೆವು. ತಮಾಷೆ ಅಲ್ಲ, ದಾಂಡೇಲಿ ಹತ್ತಿರದ ಕಾಳಿಯಲ್ಲಿ ಮೊಸಳೆಗಳಿರುವುದು ಎಲ್ಲರಿಗೂ ಗೊತ್ತಿರುವ ವಿಷಯ. ನಮಗೆ ಗೊತ್ತಿರಲಿಲ್ಲ, ಅಷ್ಟೇ. ನದಿಯ ಬಗ್ಗೆ ನಮಗೆ ಎಷ್ಟು ತಿಳಿದಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಅದನ್ನು ಅಲ್ಲೇ ಅರ್ಥ ಮಾಡಿಕೊಳ್ಳಬಹುದಿತ್ತು.

ದಡದಲ್ಲಿ ಇಪ್ಪತ್ತು ನಿಮಿಷ

ಗಣೇಶಗುಡಿ ಮುಟ್ಟಿದ್ದು ಹತ್ತಕ್ಕೆ ಹತ್ತು ನಿಮಿಷ ಇದ್ದಾಗ. ನೀರು ಆಗಲೇ ಬಂದಿತ್ತು. ರಾಫ್ಟಿನವರು ಅವಸರದಲ್ಲಿದ್ದರು. ಪುಟ್ಟಿಗೆ ವಯಸ್ಸಾಗಿಲ್ಲ ಅಂದರು, ಅವಳು ಅತ್ತಳು, ಅವರಮ್ಮ ಜೊತೆಗೆ ಉಳಿದರು. ಅಕ್ಕನಿಗೆ ಮಂಡಿ ನೋವು, ಅವಳೂ ದಡದಲ್ಲೇ. ಉಳಿದ ಐದು ಜನ ನಾವು, ಜೊತೆಗೆ ಹುಬ್ಬಳ್ಳಿಯ ಇಬ್ಬರು ಹುಡುಗರು, ಒಬ್ಬ ಗೈಡ್.

ಒಂದು ಫಾರಂ ಕೊಟ್ಟರು. ತಲೆಗೊಂದು ಸಾಲು. ಹೆಸರು, ವಯಸ್ಸು, ಕಾಯಿಲೆ ಏನಾದರೂ ಇದೆಯಾ, ಈಜು ಬರುತ್ತಾ, ಸಹಿ. ಐದೂ ಜನರದ್ದನ್ನು ನಾನೇ ತುಂಬಿದೆ. ಪ್ರವಾಸ ಹೊರಡಿಸಿದವನು ನಾನು, ಹೊತ್ತು ಬೇರೆ ಆಗಿತ್ತು. ಕಾಯಿಲೆ ಅನ್ನುವಲ್ಲಿ ಎಲ್ಲರಿಗೂ 'ಇಲ್ಲ' ಅಂತ ಒಂದೇ ಗೀಟು ಎಳೆದೆ. ಈಜು ಅನ್ನುವಲ್ಲಿ ಹೆಂಡತಿಗೆ 'ಇಲ್ಲ', ಭಾವನಿಗೆ 'ಹೌದು'. ಬರೆಯುವಾಗ ಕೈ ಒಂದಿಷ್ಟೂ ತಡವರಿಸಲಿಲ್ಲ. ಬಿಂದಿಗೆ ತಂದವರಲ್ವಾ.

ಆಮೇಲೆ ಬ್ರೀಫಿಂಗ್. ಗೈಡ್ ನೇಪಾಳದ ಕಡೆಯ ಹುಡುಗ, ಕೆಲಸ ಚೆನ್ನಾಗಿ ಬಲ್ಲವನು. ಮಾತೆಲ್ಲ ಹಿಂದಿ, ಮಧ್ಯೆ ಇಂಗ್ಲಿಷ್. ಅವನು ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು: ಪ್ಯಾಡಲಿನ ತುದಿಯ ಹಿಡಿ ಕೈಯಿಂದ ಬಿಡಬೇಡಿ, ಬಿಟ್ಟರೆ ಅದು ಪಕ್ಕದವರ ಹಲ್ಲು ಮುರಿಯುತ್ತದೆ. ಕಾಲನ್ನು ರಾಫ್ಟಿನ ಗಾಳಿ ತುಂಬಿದ ಅಡ್ಡಪಟ್ಟಿಯ ಕೆಳಗೆ ಸಿಕ್ಕಿಸಿ. 'ಫಾರ್ವರ್ಡ್' ಅಂದರೆ ಮುಂದಕ್ಕೆ, 'ಬ್ಯಾಕ್' ಅಂದರೆ ಹಿಂದಕ್ಕೆ, 'ಗೆಟ್ ಡೌನ್' ಅಂದರೆ ಒಳಗೆ ಕುಕ್ಕರಿಸಿ ಹಗ್ಗ ಹಿಡಿಯಿರಿ. ನೀರಿಗೆ ಬಿದ್ದರೆ ಅಂಗಾತ ಮಲಗಿ, ಕಾಲು ಹರಿವಿನ ಕಡೆಗೆ, ಕಾಲ್ಬೆರಳು ನೀರಿನ ಮೇಲೆ ಕಾಣುವ ಹಾಗೆ. ಬಂಡೆ ಎದುರಾದರೆ ಕಾಲಿನಿಂದ ತಳ್ಳಿ. ಹಗ್ಗ ಎಸೆದರೆ ಹಿಡಿದು ಎದೆಗೆ ಒತ್ತಿಕೊಳ್ಳಿ, ಕೈಗೆ ಸುತ್ತಿಕೊಳ್ಳಬೇಡಿ. ಮುಖ್ಯವಾಗಿ, ಹರಿಯುವ ನೀರಿನಲ್ಲಿ ಎದ್ದು ನಿಲ್ಲಬೇಡಿ. ಎಷ್ಟು ಆಳ ಕಮ್ಮಿ ಇದ್ದರೂ ನಿಲ್ಲಬೇಡಿ.

ನನ್ನ ಹೆಂಡತಿಗೆ ಹಿಂದಿ ಬರುವುದಿಲ್ಲ. ಅವಳಿಗೆ ನೀರೆಂದರೆ ಭಯ ಬೇರೆ. ಪ್ರತಿ ಮಾತಿಗೂ ಮೇಷ್ಟ್ರ ತೋಳು ಎಳೆದು 'ಏನಂದ್ರು? ಏನಂದ್ರು?' ಅಂತ ಕೇಳುತ್ತಿದ್ದಳು. ನನಗೆ ಮುಜುಗರ ಆಗುತ್ತಿತ್ತು. ಗೈಡ್ ನೋಡಿ ನಕ್ಕು, ಮರಳಿನ ಮೇಲೆ ಅವಳನ್ನು ಅಂಗಾತ ಮಲಗಿಸಿ ಕಾಲು ಎತ್ತಿಸಿ ತೋರಿಸಿದ. ಹುಬ್ಬಳ್ಳಿ ಹುಡುಗರು ಮುಸಿಮುಸಿ ನಕ್ಕರು. ಆಮೇಲೆ ಅವಳನ್ನು ತನ್ನ ಮುಂದೆಯೇ, ಕೈಗೆ ಸಿಗುವ ಹಾಗೆ ಕೂರಿಸಿಕೊಂಡ.

ಅದೇ ಹೊತ್ತಿನಲ್ಲಿ ಭಾವ ಹತ್ತು ಹೆಜ್ಜೆ ಆಚೆ ಫೋನಿನಲ್ಲಿದ್ದರು. ಹರಾಜಿನ ಹೊತ್ತು. 'ಆ ರೇಟಿಗೆ ಬೇಡ, ಹಿಡ್ಕೋ, ಹಿಡ್ಕೋ' ಅನ್ನುತ್ತಿದ್ದದ್ದು ನನಗೂ ಕೇಳುತ್ತಿತ್ತು. ಬ್ರೀಫಿಂಗಿನ ಕೊನೆಗೆ ಬಂದರು. ಗೈಡ್ 'ಅರ್ಥವಾಯಿತಾ?' ಅಂದಾಗ ಎಲ್ಲರಿಗಿಂತ ಜೋರಾಗಿ ತಲೆ ಆಡಿಸಿದವರು ಅವರೇ. 'ಈಜು?' ಅಂದ. 'ಬರುತ್ತೆ, ಬರುತ್ತೆ' ಅಂದರು. ಗಟ್ಟಿಯಾದ ಆಳು, ಈಜು ಬರುತ್ತದೆ. ಅವರನ್ನು ಮುಂದಿನ ಸಾಲಿಗೆ ಕೂರಿಸಿದ. ನನ್ನ ಹೆಂಡತಿ ಹಿಂದೆ, ಅದೇ ಎಡಬದಿಯಲ್ಲಿ.

ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಗೈಡೇ ಬಿಗಿದ. ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿದ. ಜಾಕೆಟ್ ಕಿವಿಯವರೆಗೆ ಬಂದರೆ ಸಡಿಲ ಅಂತ ಅರ್ಥ. ಎಲ್ಲರದ್ದೂ ಸರಿಯಿತ್ತು. ಆಗ ಸರಿಯಿತ್ತು.

ಒಂದು ನಿಮಿಷ ನಲವತ್ತು ಸೆಕೆಂಡು

ಕಾಳಿಯ ಆ ಭಾಗ ಭಯಂಕರವೇನಲ್ಲ. ರ್ಯಾಪಿಡ್‌ಗಳನ್ನು (ಬಂಡೆಗಳ ನಡುವೆ ನೀರು ರಭಸದಿಂದ ನುಗ್ಗುವ ಜಾಗಗಳು) ಒಂದರಿಂದ ಆರರವರೆಗೆ ದರ್ಜೆ ಮಾಡುತ್ತಾರೆ, ಇಲ್ಲಿಯವು ಎರಡು, ಮೂರು. ಮೊದಲನೆಯದು ದಾಟಿದಾಗ ಎಲ್ಲರೂ ಕಿರುಚಿ ನಕ್ಕೆವು. ಎರಡನೆಯದರಲ್ಲಿ ರಾಫ್ಟಿನ ಎಡಬದಿ ಒಂದು ಬಂಡೆಗೆ ತಾಗಿ ಏರಿತು, ತಿರುಗಿ ಕೆಳಕ್ಕೆ ಬಡಿಯಿತು. 'ಗೆಟ್ ಡೌನ್' ಅಂತ ಗೈಡ್ ಕೂಗಿದ್ದು ನನಗೆ ಕೇಳಿತು. ಕುಕ್ಕರಿಸಿದೆ. ತಲೆ ಎತ್ತಿದಾಗ ನನ್ನ ಹೆಂಡತಿ ಇರಲಿಲ್ಲ, ಭಾವನೂ ಇರಲಿಲ್ಲ.

ಮುಂದಿನದೆಲ್ಲ ನನಗೆ ಸರಿಯಾಗಿ ನೆನಪಿಲ್ಲ. ಗೊತ್ತಿರುವುದು ವಿಡಿಯೋದಿಂದ. ಅಲ್ಲಿ ದಡದಲ್ಲಿ ನಿಂತು ಶೂಟ್ ಮಾಡಿ ಆಮೇಲೆ ಮಾರುತ್ತಾರೆ. ಬೇಡ ಅಂದುಕೊಂಡಿದ್ದ ಆ ವಿಡಿಯೋವನ್ನು ನಾನು ದುಡ್ಡು ಕೊಟ್ಟು ತಂದೆ. ಹತ್ತಾರು ಸಲ ನೋಡಿದ್ದೇನೆ.

ಬಿದ್ದ ಮೂರನೇ ಸೆಕೆಂಡಿಗೆ ಹೆಂಡತಿಯ ಹೆಲ್ಮೆಟ್ ಮೇಲೆ ಬರುತ್ತದೆ. ಆರನೆಯದಕ್ಕೆ ಎರಡು ಕಾಲು ನೀರಿನ ಮೇಲೆ. ಮರಳಿನ ಮೇಲೆ ಮಲಗಿಸಿದ್ದ ಹಾಗೆಯೇ, ತದ್ರೂಪು. ಅವಳು ಏನೂ ಮಾಡುತ್ತಿಲ್ಲ. ಸುಮ್ನೆ ತೇಲುತ್ತಿದ್ದಾಳೆ. ಹತ್ತೊಂಬತ್ತಕ್ಕೆ ಹಗ್ಗದ ಚೀಲ ಅವಳ ಎದೆಯ ಮೇಲೆ ಬೀಳುತ್ತದೆ. ಇಪ್ಪತ್ತಾರಕ್ಕೆ ಗೈಡ್ ಜಾಕೆಟ್ಟಿನ ಭುಜ ಹಿಡಿದು ಅವಳನ್ನು ಒಳಕ್ಕೆ ಎಳೆದುಕೊಳ್ಳುತ್ತಾನೆ.

ಭಾವ ಮೇಲೆ ಬಂದದ್ದು ನಾಲ್ಕನೇ ಸೆಕೆಂಡಿಗೆ. ಬಂದವರೇ ತಿರುಗಿದರು. ರಾಫ್ಟ್ ಅವರ ಹಿಂದೆ, ಹರಿವಿನ ಮೇಲ್ಗಡೆ ಇತ್ತು. ಅದರ ಕಡೆಗೆ ಈಜತೊಡಗಿದರು. ತಲೆ ಎತ್ತಿ, ಕೈ ಅಗಲಿಸಿ, ಬಾವಿಯಲ್ಲಿ ಮೆಟ್ಟಿಲಿನ ಕಡೆಗೆ ಹೋಗುವ ಹಾಗೆ. ಒಂದು ಮಾರು ಮುಂದೆ ಹೋದರೆ ಎರಡು ಮಾರು ಹಿಂದೆ. ಹೊಟ್ಟೆಗೆ ಒತ್ತುತ್ತದೆ ಅಂತ ರಾಫ್ಟಿಗೆ ಹತ್ತಿದ ಮೇಲೆ ಅವರು ಕೆಳಗಿನ ಬಕಲ್ ಬಿಚ್ಚಿದ್ದರು. ಪಕ್ಕದಲ್ಲಿದ್ದ ಹುಬ್ಬಳ್ಳಿಯ ಹುಡುಗ ಆಮೇಲೆ ಹೇಳಿದ. ಜಾಕೆಟ್ ಮೇಲೇರಿ ಗಲ್ಲಕ್ಕೆ ಬಂತು, ಕೈ ಆಡಿಸಲು ಆಗುತ್ತಿಲ್ಲ. ಗೈಡ್ ನಲವತ್ತನೇ ಸೆಕೆಂಡಿಗೆ ಎರಡನೇ ಹಗ್ಗ ಎಸೆದ. ಅದು ಅವರ ಬೆನ್ನ ಹಿಂದೆ ಬಿತ್ತು, ಅವರು ನೋಡಲೇ ಇಲ್ಲ. ಏನೋ ಕೂಗುತ್ತಿದ್ದರು. ಗೈಡ್ ಹಿಂದಿಯಲ್ಲಿ ಕೂಗುತ್ತಿದ್ದ, ನಾನು ಕನ್ನಡದಲ್ಲಿ, ಭಾವನ ಬಾಯಿಗೆ ಬರುತ್ತಿದ್ದದ್ದು ತೆಲುಗು. ಅವರಮ್ಮ ಮಾತಾಡುತ್ತಿದ್ದದ್ದು ತೆಲುಗು.

ಒಂದು ನಿಮಿಷ ಐದನೇ ಸೆಕೆಂಡಿಗೆ ಎಡದಂಡೆಯ ಹತ್ತಿರ, ಸೊಂಟದುದ್ದದ ನೀರಿಗೆ ಬಂದರು. ಕಾಲಿಗೆ ನೆಲ ಸಿಕ್ಕಿತು. ನಿಂತರು.

ಯಾರಾದರೂ ನಿಲ್ಲುತ್ತಾರೆ. ಕೆರೆಯಲ್ಲಾದರೆ ಕಥೆ ಅಲ್ಲಿಗೆ ಮುಗಿಯಿತು. ಇಲ್ಲಿ ಶುರುವಾದದ್ದೇ ಅಲ್ಲಿ. ಬಲಗಾಲು ಎರಡು ಬಂಡೆಗಳ ನಡುವೆ ಇಳಿಯಿತು, ನೀರು ಬೆನ್ನನ್ನು ತಳ್ಳಿತು, ಕಾಲು ಸಿಕ್ಕಿಕೊಂಡ ಹಾಗೇ ಮೈ ಮುಂದಕ್ಕೆ ಬಾಗಿತು. ಮುಖ ನೀರಿನೊಳಗೆ. ವಿಡಿಯೋದಲ್ಲಿ ಒಂಬತ್ತು ಸೆಕೆಂಡು ಕೆಂಪು ಹೆಲ್ಮೆಟ್ಟಿನ ಹಿಂಭಾಗ ಮಾತ್ರ ಕಾಣುತ್ತದೆ. ಆ ಒಂಬತ್ತು ಸೆಕೆಂಡಿನ ಬಗ್ಗೆ ಅಕ್ಕನಿಗೆ ಇವತ್ತಿಗೂ ನಾನು ಹೇಳಿಲ್ಲ. ಬಿದ್ದವರನ್ನು ಹಿಡಿಯುವುದಕ್ಕೆ ಕೆಳಗೆ ಕಾಯುತ್ತಿದ್ದ ಕಯಾಕಿನ (ಒಬ್ಬರೇ ಕೂರುವ ಸಣ್ಣ ದೋಣಿ) ಹುಡುಗ ಅಷ್ಟರಲ್ಲಿ ಮುಟ್ಟಿದ್ದ. ಬಂಡೆಯ ಮೇಲೆ ಹಾರಿ, ಅವರ ಜಾಕೆಟ್ ಹಿಡಿದು ಹರಿವಿನ ಎದುರು ದಿಕ್ಕಿಗೆ ಎಳೆದ, ಕಾಲು ಬಿಟ್ಟಿತು. ಒಂದು ನಿಮಿಷ ನಲವತ್ತನೇ ಸೆಕೆಂಡಿಗೆ ಭಾವ ದಡದಲ್ಲಿದ್ದರು.

ಎಷ್ಟು ಹೊತ್ತು ನೀರಿನಲ್ಲಿದ್ದಿರಿ ಅಂತ ಆ ಸಂಜೆ ಕೇಳಿದಾಗ ಹೆಂಡತಿ 'ಎರಡು ನಿಮಿಷ ಇರಬಹುದು' ಅಂದಳು. ಭಾವ 'ಕಾಲು ಗಂಟೆ' ಅಂದರು.

ಆಸ್ಪತ್ರೆ

ಕೆಮ್ಮುತ್ತಿದ್ದರು, ಆದರೆ ಮಾತಾಡುತ್ತಿದ್ದರು. ಬಿಸಿ ಟೀ ಕುಡಿದು ಮಲಗಿದರೆ ಸರಿಹೋಗುತ್ತದೆ ಅಂದರು. ಮೇಷ್ಟ್ರು ಒಪ್ಪಲಿಲ್ಲ. ಶ್ವಾಸಕ್ಕೆ ನೀರು ಹೋಗಿದ್ದರೆ ತೊಂದರೆ ಕೆಲವು ಗಂಟೆ ಬಿಟ್ಟೂ ಕಾಣಿಸಿಕೊಳ್ಳಬಹುದು ಅನ್ನುವುದು ಅವರಿಗೆ ಗೊತ್ತಿತ್ತು. ಕ್ಯಾರವಾನಿನಲ್ಲಿ ಮಲಗಿಸಿಕೊಂಡು ದಾಂಡೇಲಿಗೆ ಹೋದೆವು. ಬೆಲ್ಟ್ ಇಲ್ಲದೆ ಮಲಗಿಸಬಾರದು ಅಂದಿದ್ದ ಡ್ರೈವರೇ ಅಲ್ಲಿ ಇಪ್ಪತ್ತರ ವೇಗದಲ್ಲಿ ಓಡಿಸಿದ. ಅಕ್ಕ ಪಕ್ಕದಲ್ಲಿ ನೆಲದ ಮೇಲೆ ಕೂತು ಅವರನ್ನು ಹಿಡಿದುಕೊಂಡಿದ್ದಳು.

ಡಾಕ್ಟರು ಎದೆ ನೋಡಿದರು, ಆಮ್ಲಜನಕ ನೋಡಿದರು, ಪಾದದ ಎಕ್ಸ್‌ರೇ ತೆಗೆಸಿದರು. ಮೂಳೆ ಮುರಿದಿರಲಿಲ್ಲ. 'ಸಂಜೆವರೆಗೂ ಇಲ್ಲೇ ಇರಲಿ' ಅಂದರು. ಆಮೇಲೆ 'ಶುಗರ್ ಇದೆಯಾ?' ಅಂತ ಕೇಳಿದರು. ಅಕ್ಕ 'ಇದೆ, ಆರು ವರ್ಷದಿಂದ' ಅಂದಳು. ನಾನು ಗೋಡೆ ನೋಡಿದೆ. ಫಾರಮ್ಮಿನ ಮೇಲೆ ಎಳೆದಿದ್ದ ಗೀಟು ಕಣ್ಣ ಮುಂದೆ ಬಂತು.

ವಾಪಸ್ ದಾರಿಯ ವಿಚಾರಣೆ

ಆ ರಾತ್ರಿ ಹೊರಡಲಿಲ್ಲ. ಆ ಕಡೆ ಸುತ್ತಮುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು, ರಸ್ತೆ ಬದಿಯಲ್ಲಿ ಕ್ಯಾರವಾನ್ ನಿಲ್ಲಿಸಿ ಮಲಗುವ ಹಾಗಿಲ್ಲ. ಧಾರವಾಡದವರೆಗೆ ಬಂದು ಒಂದು ಹೋಟೆಲಿನವರನ್ನು ಕೇಳಿ ಅವರ ಅಂಗಳದಲ್ಲಿ ನಿಲ್ಲಿಸಿದೆವು. ಮೊದಲ ಸಲ ಆ ಗಾಡಿ ಮನೆಯ ಹಾಗೆ ಅನ್ನಿಸಿತು. ಅಕ್ಕ ಅನ್ನ ಸಾರು ಮಾಡಿದಳು. ಡ್ರೈವರ್ ತಟ್ಟೆ ಮುಗಿಸುವ ಮೊದಲೇ ಕೂತಲ್ಲೇ ನಿದ್ದೆ ಹೋದ. ಹಿಂದಿನ ರಾತ್ರಿ ಹೊರಡುವ ಮೊದಲು ಅವನು ಎಷ್ಟು ಹೊತ್ತು ಮಲಗಿದ್ದ ಅಂತ ನಾವು ಯಾರೂ ಕೇಳಿರಲಿಲ್ಲ.

ಊಟ ಆದ ಮೇಲೆ ತಪ್ಪು ಯಾರದು ಅನ್ನುವ ಮಾತು ಬಂತು. ಮೇಷ್ಟ್ರ ಪ್ರಕಾರ ಭಾಷೆಯದು. ಕನ್ನಡ ನಾಡಿನ ನದಿಯಲ್ಲಿ ಜೀವ ಉಳಿಸುವ ಮಾತನ್ನು ಕನ್ನಡದಲ್ಲಿ ಹೇಳುವವರಿಲ್ಲ ಅಂದರೆ ಏನರ್ಥ ಅಂತ ಸಿಟ್ಟಾದರು. ಅಳಿಯನ ಪ್ರಕಾರ ಫೋನಿನದು. ಅಕ್ಕನ ಪ್ರಕಾರ ನಿದ್ದೆಗೇಡಿನದು. ಭಾವನ ಪ್ರಕಾರ ಬಂಡೆಯದು.

ಮೇಷ್ಟ್ರ ಮಾತು ನನಗೂ ಇಷ್ಟವಾಯಿತು, ಈಗಲೂ ಇಷ್ಟವೇ. ಆದರೆ ಅದು ಪೂರ್ತಿ ನಿಲ್ಲುವುದಿಲ್ಲ. ಭಾವನಿಗಾದರೂ ಮಂಡಿಯಲ್ಲಿ ಲಾರಿಯವರ ಜೊತೆ ಆಡಿ ನಾಲ್ಕು ಮಾತು ಹಿಂದಿ ಬರುತ್ತದೆ. ನನ್ನ ಹೆಂಡತಿಗೆ ಅದೂ ಇಲ್ಲ. ಹೇಳಿದ್ದು ಅರ್ಥವಾಗದೇ ಇದ್ದದ್ದು ಅವಳಿಗೆ ಜಾಸ್ತಿ, ಅದಕ್ಕೇ ಕೇಳಿದಳು. ಭಾವನಿಗೆ ಕೇಳುವ ಅಗತ್ಯ ಕಾಣಲಿಲ್ಲ. ಫೋನ್ ಬಂದಾಗ ಆಚೆ ಹೋದದ್ದೂ, ಬಕಲ್ ಬಿಚ್ಚಿದ್ದೂ ಅದಕ್ಕೇ. ಈಜು ಬರುವವನಿಗೆ ಇದೆಲ್ಲ ಯಾಕೆ? ಅವರ ತಲೆಯಲ್ಲಿ ಇದ್ದದ್ದು ಇದೊಂದೇ. ಪಾಪ, ಅದನ್ನು ಅವರ ತಲೆಗೆ ತುಂಬಿದವರಲ್ಲಿ ನಾವೂ ಇದ್ದೇವೆ. ಬಿಂದಿಗೆಯ ಕಥೆಯನ್ನು ವರ್ಷಕ್ಕೆ ನಾಲ್ಕು ಸಲ ಹೇಳಿಸಿಕೊಂಡವರು.

ಮೇಷ್ಟ್ರು ಇನ್ನೊಂದು ವಿಷಯ ಬಿಡಿಸಿ ಹೇಳಿದರು. ಓಡುವ ಕಾರಿನ ಕಿಟಕಿಯಿಂದ ಅಂಗೈ ಆಚೆ ಚಾಚಿದರೆ ಮೂವತ್ತರ ವೇಗದಲ್ಲಿ ಹಿತವಾಗಿರುತ್ತದೆ, ಅರವತ್ತರಲ್ಲಿ ಕೈಯನ್ನೇ ಹಿಂದಕ್ಕೆ ತಳ್ಳುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ನೀರಿನಲ್ಲೂ ಅದೇ ಲೆಕ್ಕ, ಆದರೆ ನೀರು ಗಾಳಿಗಿಂತ ಎಷ್ಟೋ ಭಾರ. ಒಂದು ಘನ ಮೀಟರ್ ನೀರು ಅಂದರೆ ಸಾವಿರ ಕೆಜಿ. 'ನಿಮ್ಮ ಬಾಕ್ಸಿನ ಲೆಕ್ಕದಲ್ಲಿ ಅರವತ್ತೇಳು ಬಾಕ್ಸು, ಬರ್ತಾನೇ ಇರತ್ತೆ, ನಿಲ್ಲಲ್ಲ' ಅಂದರು. ಭಾವನಿಗೆ ಅದು ಚೆನ್ನಾಗಿ ಅರ್ಥವಾಯಿತು. ಸುಮ್ಮನೆ ಕಾಲು ನೋಡಿಕೊಂಡು ಕೂತರು. ನಿಂತ ನೀರಿನಲ್ಲಿ ಈಜುವವನು ನೀರನ್ನು ತಳ್ಳುತ್ತಾನೆ. ಹರಿಯುವ ನೀರಿನಲ್ಲಿ ನೀರೇ ಅವನನ್ನು ತಳ್ಳುತ್ತದೆ. ಬಾವಿಯಲ್ಲಿ ಕಲಿತ ಎರಡೂ ಒಳ್ಳೆಯ ಅಭ್ಯಾಸಗಳು, ಬಂದ ಜಾಗಕ್ಕೇ ವಾಪಸ್ ಈಜುವುದು, ನೆಲ ಸಿಕ್ಕ ಕೂಡಲೇ ನಿಲ್ಲುವುದು, ಕಾಳಿಯಲ್ಲಿ ಅವರಿಗೆ ತಿರುಗಿಬಿದ್ದವು.

ಇಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆ. ಪಾತ್ರೆ ಒರೆಸುತ್ತಿದ್ದ ಅಕ್ಕ ತಿರುಗದೆಯೇ ಕೇಳಿದಳು. 'ರೀ, ನೀವು ಕೊನೆಗೆ ಈಜಿದ್ದು ಯಾವಾಗ?'

ಭಾವ ಉತ್ತರ ಕೊಡಲಿಲ್ಲ.

'ನಾನು ಮದುವೆ ಆಗಿ ಬಂದಾಗ್ಲೇ ಆ ಬಾವೀಲಿ ನೀರಿರ್ಲಿಲ್ಲ' ಅಂದಳು.

ಅವರ ಮದುವೆಯಾಗಿ ಇಪ್ಪತ್ತಾರು ವರ್ಷ. ಬಾವಿ ಬತ್ತಿದ್ದು ಅದಕ್ಕೂ ನಾಲ್ಕು ವರ್ಷ ಮೊದಲು. ನಮ್ಮ ಕಡೆಯ ತೆರೆದ ಬಾವಿಗಳ ಪಾಡು ಎಲ್ಲರಿಗೂ ಗೊತ್ತಿದೆ. ಬೋರ್‌ವೆಲ್ಲುಗಳು ಸಾವಿರ ಅಡಿ ದಾಟಿ ಇಳಿದವು, ಬಾವಿಗಳು ಕಸ ಹಾಕುವ ಗುಂಡಿಗಳಾದವು. ಈಚೆಗೆ ಕೋಲಾರದ ಕೆಲವು ಕೆರೆಗಳಿಗೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದಿದೆ, ಆದರೆ ಆ ನೀರಿನಲ್ಲಿ ಯಾರು ಈಜುತ್ತಾರೆ? ಭಾವ ಮೂವತ್ತು ವರ್ಷದಿಂದ ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿದಿರಲಿಲ್ಲ. ಇದನ್ನು ಅವರು ಮುಚ್ಚಿಟ್ಟಿರಲಿಲ್ಲ. ಅವರಿಗೇ ಹೊಳೆದಿರಲಿಲ್ಲ. ನಾನು ಫಾರಮ್ಮಿನಲ್ಲಿ 'ಹೌದು' ಅಂತ ಬರೆದದ್ದು ಇಪ್ಪತ್ತೊಂದು ವರ್ಷದ ಒಬ್ಬ ಹುಡುಗನ ಬಗ್ಗೆ. ರಾಫ್ಟಿನ ಮುಂದಿನ ಸಾಲಿನಲ್ಲಿ ಕೂತದ್ದು ಐವತ್ತೊಂದರ, ನಿದ್ದೆಗೆಟ್ಟ, ಹೊಟ್ಟೆ ಬಂದ, ಶುಗರ್ ಇರುವ ಮಂಡಿ ಯಜಮಾನ.

ರಾಫ್ಟಿನವರ ಪಾಲೂ ಇದೆ. ಐದು ಜನರ ಫಾರಂ ಒಂದೇ ಕೈಬರಹದಲ್ಲಿ ಬಂದಾಗ ಅವರು ಕೇಳಬೇಕಿತ್ತು. ಫೋನಿನಲ್ಲಿದ್ದವರಿಗೆ ಮತ್ತೊಮ್ಮೆ ಹೇಳದೆ ಮುಂದೆ ಕೂರಿಸಬಾರದಿತ್ತು. ಆದರೆ ಬಿದ್ದ ಮೇಲೆ ಅವರು ಮಾಡಿದ ಕೆಲಸದಲ್ಲಿ ನನಗೆ ಒಂದು ತಪ್ಪೂ ಕಾಣುವುದಿಲ್ಲ. ಕಯಾಕಿನ ಹುಡುಗ ಕಾಯಬೇಕಾದ ಜಾಗದಲ್ಲೇ ಕಾಯುತ್ತಿದ್ದ. ತಪ್ಪುಗಳ ಪಟ್ಟಿಯಲ್ಲಿ ಮೊದಲನೆಯದು ಆ ಗೀಟು, ಅದನ್ನು ಎಳೆದದ್ದು ನಾನು. ನಿದ್ದೆಯ ವಿಷಯದಲ್ಲೂ ಅಷ್ಟೇ. ಕ್ಯಾರವಾನ್ ನಾಲ್ಕೂವರೆ ಗಂಟೆ ತಡವಾಗಿ ಬಂದಾಗ ರಾಫ್ಟಿಂಗನ್ನು ಒಂದು ದಿನ ಮುಂದಕ್ಕೆ ಹಾಕಬಹುದಿತ್ತು. ಕೊಟ್ಟ ಮುಂಗಡ ಹೋಗುತ್ತದೆ ಅಂತ ಹಾಕಲಿಲ್ಲ. ಆಸ್ಪತ್ರೆಯ ಬಿಲ್ಲು ಆ ಮುಂಗಡಕ್ಕಿಂತ ಜಾಸ್ತಿ ಆಯಿತು.

ಎರಡನೇ ಸಲ

ಮಾರನೇ ವರ್ಷ ಮತ್ತೆ ಹೋದೆವು. ಹೋಗಲೇಬೇಕು ಅಂತ ಹಟ ಹಿಡಿದವಳು ನನ್ನ ಹೆಂಡತಿ. ಈ ಸಲ ಹಗಲು ಹೊತ್ತು ಓಡಿಸಿ, ಧಾರವಾಡದಲ್ಲಿ ಅದೇ ಹೋಟೆಲಿನ ಅಂಗಳದಲ್ಲಿ ಮಲಗಿ, ಎರಡನೇ ದಿನ ದಾಂಡೇಲಿ ಸೇರಿ, ಮೂರನೇ ದಿನ ನೀರಿಗೆ. ಡ್ರೈವರಿಗೆ ಒಂದು ಹಾಸಿಗೆ ಬಿಟ್ಟುಕೊಟ್ಟೆವು. ಪುಟ್ಟಿಗೆ ಇನ್ನೂ ವಯಸ್ಸಾಗಿರಲಿಲ್ಲ,  ಮತ್ತೆ ಅತ್ತಳು.

ಹೊರಡುವ ಹಿಂದಿನ ವಾರ ನಾನು ಒಂದು ಹಾಳೆ ಮಾಡಿದ್ದೆ. ಗೈಡ್ ಹೇಳಿದ ಮಾತುಗಳನ್ನೆಲ್ಲ ಕನ್ನಡದಲ್ಲಿ ಬರೆದು, ಕೆಳಗೆ ಅವರವರೇ ತುಂಬಬೇಕಾದ ನಾಲ್ಕು ಸಾಲು. ಯಾವ ಮಾತ್ರೆ ತಗೊಳ್ತೀರಿ, ನಿನ್ನೆ ಎಷ್ಟು ಗಂಟೆ ಮಲಗಿದಿರಿ, ಈಜು ಬರುತ್ತಾ, ಕೊನೆಗೆ ಈಜಿದ್ದು ಯಾವಾಗ, ಎಲ್ಲಿ. ಒಬ್ಬರದ್ದನ್ನು ಇನ್ನೊಬ್ಬರು ತುಂಬುವ ಹಾಗಿಲ್ಲ.

ಭಾವ ರಾಫ್ಟ್ ಹತ್ತುವುದಿಲ್ಲ ಅಂತ ಮೊದಲೇ ಹೇಳಿದ್ದರು. ಪಾದ ಈಗಲೂ ಚಳಿಗೆ ನೋಯುತ್ತದೆ. ಆದರೂ ಹಾಳೆ ಕೇಳಿ ತೆಗೆದುಕೊಂಡರು. ಧಾರವಾಡದ ಅಂಗಳದಲ್ಲಿ ಕನ್ನಡಕ ಹಾಕಿಕೊಂಡು, ಫೋನ್ ಪಕ್ಕಕ್ಕಿಟ್ಟು, ನಿಧಾನವಾಗಿ ತುಂಬಿ ನನ್ನ ಕೈಗೆ ಕೊಟ್ಟರು. ಮಾತ್ರೆಯ ಹೆಸರು ಸರಿಯಾಗಿತ್ತು. ನಿದ್ದೆ ಏಳು ಗಂಟೆ. ಈಜು: ಬರುತ್ತೆ. ಕೊನೆಗೆ ಈಜಿದ್ದು: ಹೋದ ಜನವರಿ, ಕಾಳಿ ನದಿ, ಇಷ್ಟವಿಲ್ಲದೆ.